ಅಲ್ಲಿ ಏನಂತ ಕರೀಲಿ

ನಮ್ಮ ಆನ್ವೆನ್ ಕಾಲೇಜಿನಲ್ಲಿ ದೇವರನ್ನು ಓದುತ್ತಿದ್ದಾಳೆ ಎಂದು ಅಮ್ಮ ಇಡೀ ಬೀದಿಗೆ ಡಂಗುರ ಸಾರಿಕೊಂಡು ಬಂದಿದ್ದಳು. ಮೀನು-ಚಿಪ್ಸ್ ಅಂಗಡಿಯವಳು ನನ್ನನ್ನು ತಡೆದು, "ಏನ್ ನೆಸ್ಟಾ, ನಿನ್ ಮಗಳು ಪಾದ್ರಿ ಆಗ್ತಾಳಂತೆ?" ಎಂದಾಗಲೇ ನನಗೆ ಗೊತ್ತಾದದ್ದು. ಮನೆಗೆ ಬಂದು ಅಮ್ಮನನ್ನು ಬೈದೆ. ಅವಳು ಮೊಮ್ಮಗಳ ಮುಂದೆ ಚಹಾ ಇಡುತ್ತಾ, "ಸುಳ್ಳೇನು ಹೇಳ್ದೆ? ಪುಸ್ತಕದ ಮೇಲೆ ದೇವ್ರು ಅಂತ ಬರ್ದಿದೆ, ನಾನೇ ಕನ್ನಡಕ ಹಾಕ್ಕೊಂಡು ನೋಡಿದೀನಿ" ಎಂದಳು.

ಆನ್ವೆನ್ ಓದುತ್ತಿದ್ದದ್ದು ಧರ್ಮದ ತತ್ವಶಾಸ್ತ್ರ ಮತ್ತು ನೀತಿಶಾಸ್ತ್ರ. ಯೂನಿವರ್ಸಿಟಿಗೆ ಹೋಗುವ ಮುಂಚಿನ ಎರಡು ವರ್ಷಕ್ಕೆ ಮೂರು ವಿಷಯ ಆರಿಸಿಕೊಳ್ಳಬೇಕಲ್ಲ, ಅದರಲ್ಲಿ ಇದೊಂದು. ಇನ್ನೆರಡು ಇತಿಹಾಸ, ಜೀವಶಾಸ್ತ್ರ. ಅವುಗಳ ಬಗ್ಗೆ ಅಮ್ಮ ಬೀದಿಯಲ್ಲಿ ಯಾರಿಗೂ ಹೇಳಲಿಲ್ಲ. ದೇವರು ಇದ್ದಾನೆಯೇ, ಇದ್ದರೆ ಇಷ್ಟೊಂದು ಕೆಟ್ಟದ್ದು ಯಾಕೆ, ಸುಳ್ಳು ಹೇಳುವುದು ಯಾವಾಗ ತಪ್ಪು, ಸತ್ತ ಮೇಲೆ ಏನಾದರೂ ಉಳಿಯುತ್ತದೆಯೇ, ಇಂಥವೇ ಪಾಠಗಳು. ಪ್ರತಿಯೊಂದಕ್ಕೂ ಪರವಾಗಿ ಒಂದಿಷ್ಟು, ವಿರೋಧವಾಗಿ ಒಂದಿಷ್ಟು ಬರೆದು, ಕೊನೆಗೆ ತೂಗಿ ನೋಡಿ ಒಂದು ತೀರ್ಮಾನ ಹೇಳಬೇಕು. ಈ ಚಟ ಮನೆಗೂ ಬಂತು.

"ಊಟಕ್ಕೆ ಸೂಪ್ ಮಾಡ್ಲಾ, ಸಾಸೇಜ್ ಮಾಡ್ಲಾ?" ಎಂದರೆ ನನ್ನ ಮಗಳು ಗಲ್ಲಕ್ಕೆ ಕೈ ಹಚ್ಚುತ್ತಿದ್ದಳು.

"ಸೂಪಿನ ಪರವಾಗಿ ಹೇಳೋದಾದ್ರೆ..."

"ಪರ ವಿರೋಧ ಎಲ್ಲ ನಿನ್ ಮೇಷ್ಟ್ರ ಹತ್ರ ಇಟ್ಕೋ. ಹಸಿವಾಗಿದ್ಯಾ ಇಲ್ವಾ?"

"ಒಂದು ದೃಷ್ಟಿಯಿಂದ ಹಸಿವಾಗಿದೆ."

ಅವಳ ಅಪ್ಪ ಬ್ರಿಸ್ಟಲ್‌ನಲ್ಲಿ ಇನ್ನೊಂದು ಸಂಸಾರ ಹೂಡಿಕೊಂಡು ಆರಾಮಾಗಿದ್ದಾನೆ. ಹೀಗೆ ಮಾತಿನಲ್ಲಿ ಜಾರಿಕೊಳ್ಳುವ ಬುದ್ಧಿ ಅವನದೇ ಎಂದು ನಾನು ಅಂದುಕೊಳ್ಳುತ್ತಿದ್ದೆ. ಆದರೆ ಹುಡುಗಿ ಬಲು ಚುರುಕು. ಅವಳ ಮೇಷ್ಟ್ರು ಪ್ರೋಬರ್ಟ್ ಅವರೂ ಒಪ್ಪುತ್ತಿದ್ದರು. ಅವರದು ಒಂದೇ ದೂರು. ಪ್ರಶ್ನೆಯಲ್ಲಿ ಪರಿಚಯದ ಎರಡು ಪದ ಕಂಡರೆ ಸಾಕು, ಇವಳು ಪೂರ್ತಿ ಓದುವುದೇ ಇಲ್ಲ. ತಾನು ತಯಾರು ಮಾಡಿಕೊಂಡದ್ದನ್ನೆಲ್ಲ ಸುರಿದುಬಿಡುತ್ತಾಳೆ. ಅವಳ ಪ್ರಬಂಧಗಳ ಕೆಳಗೆ ಅವರು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದದ್ದು ಹೆಚ್ಚುಕಡಿಮೆ ಒಂದೇ ಮಾತು: ಚೆನ್ನಾಗಿದೆ, ಆದರೆ ನಾನು ಕೇಳಿದ್ದು ಇದಲ್ಲ.

ಆ ವರ್ಷ ಎಲೆ ಉದುರುವ ಹೊತ್ತಿಗೆ ಅಮ್ಮನ ಹೊಟ್ಟೆಯಲ್ಲಿ ಕ್ಯಾನ್ಸರ್ ಇದೆ ಎಂದು ತಿಳಿಯಿತು. ತಡವಾಗಿತ್ತು. ವಸಂತ ನೋಡಿದರೆ ದೊಡ್ಡದು ಎಂದರು ಡಾಕ್ಟರು. ಮೆಟ್ಟಿಲು ಹತ್ತಲಾಗದೆ ಹೋದಾಗ ಮಂಚವನ್ನು ಕೆಳಗೆ, ಮುಂದಿನ ಕೋಣೆಗೆ ತಂದೆವು. ನಮ್ಮ ಗಣಿ ಕಣಿವೆಯ ಮನೆಗಳಲ್ಲಿ ಮುಂದಿನ ಕೋಣೆಯನ್ನು ಎರಡೇ ಕೆಲಸಕ್ಕೆ ಇಟ್ಟುಕೊಳ್ಳುವುದು, ಪಾದ್ರಿ ಚಹಾ ಕುಡಿಯಲು ಮತ್ತು ಶವಪೆಟ್ಟಿಗೆ ಇಡಲು.

"ಪಾದ್ರಿ ಅಂತೂ ಬರಲ್ಲ, ಇನ್ನೊಂದು ಬರೋದು ಗ್ಯಾರಂಟಿ. ಅಲ್ಲೇ ಹಾಕಿ" ಎಂದಳು ಅಮ್ಮ.

ಪಾದ್ರಿ ಬರದಿದ್ದದ್ದು ನಿಜ. ಅಮ್ಮ ಹುಡುಗಿಯಾಗಿದ್ದಾಗಿನಿಂದ ಹಾಡಿದ ಪುಟ್ಟ ಪ್ರಾರ್ಥನಾಮಂದಿರ, ಆ ಚಾಪೆಲ್ ಮುಚ್ಚಿ, ಅಲ್ಲೀಗ ನೆಲಹಾಸು ಮಾರುತ್ತಾರೆ. ಸುತ್ತಲಿನ ಚಾಪೆಲ್‌ಗಳಿಗೆಲ್ಲ ಸೇರಿ ಒಬ್ಬನೇ ಪಾದ್ರಿ, ಮೀಸೆ ಬಲಿಯದ ಹುಡುಗ, ಗಿಟಾರ್ ನುಡಿಸುತ್ತಾನೆ. ಅವನನ್ನು ಕರೆಸಲೇ ಎಂದು ಕೇಳಿದ್ದಕ್ಕೆ ಅಮ್ಮ, "ಅವನ ಹತ್ರ ಸಾವಿನ ವಿಷಯ ಕೇಳಿದ್ರೆ ಹಾಡು ಹೇಳ್ತಾನೆ. ನಮ್ಮನೇಲೇ ಓದಿರೋಳು ಇದಾಳಲ್ಲ" ಎಂದಳು.

ಓದಿರುವವಳು ದಿನಾ ಕಾಲೇಜಿನ ಬಸ್ ಇಳಿದು ಸೀದಾ ಅಜ್ಜಿಯ ಹಾಸಿಗೆಯ ಕಾಲ ಬದಿಗೆ ಹೋಗಿ ಕೂರುತ್ತಿದ್ದಳು. ಪಾಠದ ಸಾರವನ್ನೆಲ್ಲ ಬಣ್ಣ ಬಣ್ಣದ ಚೀಟಿಗಳಲ್ಲಿ ಬರೆದುಕೊಂಡಿದ್ದಳು. ಅವನ್ನು ಜೋರಾಗಿ ಓದಿ ಬಾಯಿಪಾಠ ಮಾಡುವುದು, ಅಜ್ಜಿ ಕಣ್ಣು ಮುಚ್ಚಿಕೊಂಡು ಕೇಳುವುದು. ನಾನು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ದವಡೆ ಊದಿಸಿಕೊಂಡು ಬಂದವರನ್ನೆಲ್ಲ ಕೂರಿಸಿ ಸಮಾಧಾನ ಮಾಡಿ ಮನೆಗೆ ಬರುವಷ್ಟರಲ್ಲಿ, ಮುಂದಿನ ಕೋಣೆಯಲ್ಲಿ ಲೋಕದ ದೊಡ್ಡ ದೊಡ್ಡ ಬುದ್ಧಿವಂತರೆಲ್ಲ ಅಮ್ಮನ ಕೈಲಿ ಬೈಸಿಕೊಳ್ಳುತ್ತಿದ್ದರು.

"ಕಷ್ಟ ಬರೋದು ಆತ್ಮ ಮಾಗಲಿ ಅಂತ ಅಂತಾರೆ ಇವರು" ಎಂದು ಆನ್ವೆನ್ ಓದಿದಳು.

"ನಿಮ್ಮ ತಾತನ ಎದೇಲಿ ಗಣಿ ಧೂಳು ತುಂಬ್ಕೊಂಡು ವರ್ಷಗಟ್ಲೆ ಕೆಮ್ಮಿದ್ರು. ಇನ್ನೂ ಎಷ್ಟು ಮಾಗಬೇಕಿತ್ತಂತೆ?"

"ಇನ್ನೊಬ್ಬ ಜರ್ಮನ್ ಮಹಾಶಯ. ಕೊಲೆಗಾರ ಬಾಗಿಲಿಗೆ ಬಂದು ನಿನ್ನ ಸ್ನೇಹಿತ ಎಲ್ಲಿ ಅಂತ ಕೇಳಿದ್ರೂ ಸುಳ್ಳು ಹೇಳಬಾರದು ಅಂತಾನೆ."

"ಮದುವೆ ಆಗಿತ್ತಾ ಅವನಿಗೆ?"

"ಇಲ್ಲ ಅಜ್ಜಿ."

"ಅದೇ ಮತ್ತೆ."

ಇಬ್ಬರೂ ನಗುತ್ತಿದ್ದರು. ಆ ನಗುವನ್ನು ಅಡುಗೆಮನೆಯಿಂದ ಕೇಳಿಸಿಕೊಳ್ಳುತ್ತಾ ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತಿತ್ತು. ಅಮ್ಮ ನನ್ನ ಜೊತೆ ಹಾಗೆ ಕೂತು ಹರಟಿದವಳೇ ಅಲ್ಲ. ನನ್ನನ್ನು ಚೆನ್ನಾಗಿ ನೋಡಿಕೊಂಡಳು, ಒಂದು ದಿನ ಉಪವಾಸ ಮಲಗಿಸಲಿಲ್ಲ, ಆದರೆ ನಮ್ಮಿಬ್ಬರ ನಡುವೆ ಏನೋ ಒಂದು ಅಂತರ ಇದ್ದೇ ಇತ್ತು. ಅವಳ ಸ್ವಭಾವವೇ ಹಾಗೆ ಎಂದು ಬಿಟ್ಟಿದ್ದೆ.

ಫೆಬ್ರವರಿಯ ಒಂದು ಮಧ್ಯಾಹ್ನ ನಾನು ಆಲೂಗಡ್ಡೆ ಸುಲಿಯುತ್ತಿದ್ದೆ. ಬಾಗಿಲು ತೆರೆದೇ ಇತ್ತು. ಚೀಟಿ ಓದುವುದರ ನಡುವೆ ಅಮ್ಮ ತಡೆದಳು.

"ಪುಟ್ಟೀ, ಅಲ್ಲಿ ಹೋದ್ಮೇಲೆ ಒಬ್ಬರನ್ನ ಗುರುತು ಹಿಡೀಬೇಕು ಅಂದ್ರೆ ಹೇಗೆ? ಮುಖ ಗೊತ್ತಿಲ್ಲ ಅಂತಿಟ್ಕೋ."

ಆನ್ವೆನ್ ಮುಖ ಅರಳಿದ್ದು ನನಗೆ ಕಾಣದಿದ್ದರೂ ದನಿಯಲ್ಲೇ ಗೊತ್ತಾಯಿತು. ಮುಂದಿನ ವಾರದ ಪರೀಕ್ಷೆಗೆ ಅವಳು ಓದಿಕೊಂಡಿದ್ದದ್ದು ಅದನ್ನೇ. ಶುರು ಮಾಡಿದಳು ನೋಡಿ. ಆತ್ಮ ದೇಹವನ್ನು ಬಿಟ್ಟು ಇರಬಲ್ಲದು ಎನ್ನುವವರು ಹೀಗೆ ಹೇಳುತ್ತಾರೆ, ಇರಲಾರದು ಎನ್ನುವವರು ಹಾಗೆ ಹೇಳುತ್ತಾರೆ. ದೇಹವೇ ಇಲ್ಲದಿದ್ದರೆ ಗುರುತು ಯಾವುದರಿಂದ? ದೇವರು ಇನ್ನೊಂದು ದೇಹ ಕೊಟ್ಟರೆ ಅದು ಅದೇ ಮನುಷ್ಯನೋ, ಅಚ್ಚಿಳಿದ ಇನ್ನೊಬ್ಬನೋ? ಒಂದೇ ಉಸಿರಿನಲ್ಲಿ ಹೇಳುತ್ತಾ ಹೋದಳು.

"ಕೊನೆಗೆ ನೆನಪೇ ಮುಖ್ಯ ಅಂತಾರೆ ಅಜ್ಜಿ. ನೆನಪು ಮುಂದುವರಿದ್ರೆ ಮಾತ್ರ ಅದೇ ವ್ಯಕ್ತಿ. ಅದಕ್ಕೆ ನಾನೊಂದು ಉದಾಹರಣೆ ಮಾಡ್ಕೊಂಡಿದೀನಿ, ಮೇಷ್ಟ್ರಿಗೂ ಇಷ್ಟ ಆಯ್ತು. ಹುಟ್ಟೋವಾಗ್ಲೇ ಸತ್ತ ಮಗು ಅಂತಿಟ್ಕೋ. ಅದಕ್ಕೆ ನೆನಪೇ ಇಲ್ಲ. ಅಂದ್ಮೇಲೆ ಅಲ್ಲಿ ಸಿಗೋದು ಆ ಮಗುನೇ ಅಂತ ಹೇಳೋಕೆ ಆಧಾರನೇ ಇರಲ್ಲ. ಯಾರೂ ಅಲ್ಲದೋರು ಮತ್ತೆ ಯಾರಾಗೋಕೆ ಆಗುತ್ತೆ? ಆದ್ರೆ ಇದಕ್ಕೆ ವಿರೋಧವಾಗಿ..."

ವಿರೋಧವಾಗಿ ಏನಿತ್ತೋ ಅದನ್ನೂ ಪೂರ್ತಿ ಹೇಳಿದಳು. ಅಮ್ಮ ಕೊನೆಯವರೆಗೂ ಕೇಳಿದಳು. ಆಮೇಲೆ, "ಸರಿ ಪುಟ್ಟಿ. ಚೆನ್ನಾಗಿ ಹೇಳ್ದೆ" ಎಂದು ಗೋಡೆಯ ಕಡೆಗೆ ಹೊರಳಿ ಮಲಗಿದಳು.

ಅವತ್ತು ಸೂಪ್ ಮುಟ್ಟಲಿಲ್ಲ. ಮಾರನೆಯ ದಿನವೂ ಮುಟ್ಟಲಿಲ್ಲ. ಚೀಟಿ ಹಿಡಿದು ಬಂದ ಮೊಮ್ಮಗಳಿಗೆ, "ಇವತ್ತು ಬೇಡ, ತಲೆ ನೋಯ್ತಿದೆ" ಎಂದಳು. ಆ ವಾರವೆಲ್ಲ ತಲೆ ನೋಯುತ್ತಲೇ ಇತ್ತು. ನರ್ಸ್ ಬಂದು ನೋವಿಗೆ ಔಷಧಿ ಹೆಚ್ಚು ಮಾಡಲೇ ಎಂದು ಕೇಳಿದರೆ ಬೇಡವೆಂದು ತಲೆ ಆಡಿಸಿದಳು. ನಾನು ಆನ್ವೆನ್ ಮೇಲೆ ಹರಿಹಾಯ್ದೆ.

"ಸಾಯೋ ಮುದುಕಿಗೆ ಪರೀಕ್ಷೆ ಉತ್ತರ ಒಪ್ಪಿಸ್ತೀಯಲ್ಲ, ತಲೇಲಿ ಏನಿದೆ ನಿಂಗೆ? ಸತ್ತ ಮಗು ಅಂತೆ, ನೆನಪಿಲ್ವಂತೆ!"

"ಅಜ್ಜಿನೇ ಕೇಳಿದ್ದಮ್ಮ. ನಾನು ಏನ್ ತಪ್ಪು ಹೇಳ್ದೆ?" ಅವಳ ಕಣ್ಣಲ್ಲಿ ನೀರು ತುಂಬಿತ್ತು.

ಏನು ತಪ್ಪು ಎಂದು ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ ಸಿಟ್ಟಿಗೆ ದಾರಿ ಬೇಕಿತ್ತು. ಆ ಗುರುವಾರ ಸಂಜೆ ಕಾಲೇಜಿನಲ್ಲಿ ತಂದೆ-ತಾಯಿಗಳ ಸಭೆ ಇತ್ತು. ಮಗಳನ್ನು ಎಳೆದುಕೊಂಡೇ ಹೋದೆ. ಸರದಿ ಬಂದಾಗ ಪ್ರೋಬರ್ಟ್ ಮೇಷ್ಟ್ರ ಮುಂದಿನ ಕುರ್ಚಿಯಲ್ಲಿ ಧೊಪ್ಪೆಂದು ಕೂತೆ. ಸಣಕಲು ಮನುಷ್ಯ, ಟೈ ಸೊಟ್ಟಗಿತ್ತು, ಬಿಸ್ಕತ್ತಿನ ಪುಡಿ ಅಂಗಿಯ ಮೇಲೆ.

"ನಿಮ್ಮ ಪಾಠ ಕೇಳಿ ನಮ್ಮಮ್ಮ ಅನ್ನ ನೀರು ಬಿಟ್ಟಿದಾಳೆ" ಎಂದೆ. ಪಕ್ಕದ ಮೇಜಿನವರೆಲ್ಲ ತಿರುಗಿ ನೋಡಿದರು. ನೋಡಲಿ ಎಂದು ಇನ್ನೂ ಜೋರಾಗಿ ಎಲ್ಲ ಹೇಳಿದೆ.

ನನ್ನ ಮಾತು ಮುಗಿದ ಮೇಲೆ ಮೇಷ್ಟ್ರು, "ಅವರು ಕೇಳಿದ್ದೇನು?" ಎಂದರು.

"ಸತ್ತಮೇಲೆ ಏನಾಗುತ್ತೆ ಅಂತ."

"ಅಲ್ಲ" ಎಂದಳು ಆನ್ವೆನ್ ಸಣ್ಣ ದನಿಯಲ್ಲಿ. "ಅಲ್ಲಿ ಹೋದ್ಮೇಲೆ ಒಬ್ಬರನ್ನ ಗುರುತು ಹಿಡಿಯೋದು ಹೇಗೆ ಅಂದ್ರು. ಮುಖ ಗೊತ್ತಿಲ್ಲದಿದ್ರೆ."

"ಯಾರನ್ನ?"

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

"ಯಾರನ್ನ ಅಂತ ಕೇಳ್ಲಿಲ್ವಾ ಆನ್ವೆನ್?" ಎಂದರು ಮೇಷ್ಟ್ರು. ಬೈದು ಹೇಳಲಿಲ್ಲ, ಬೇಜಾರಿನಿಂದ ಹೇಳಿದರು. ಜಗಳವಾಡಲು ಹೋದ ನಾನು ಚೀಲ ಎತ್ತಿಕೊಂಡು ಎದ್ದೆ.

ಮಾರನೆಯ ದಿನ ಅವಳು ಚೀಟಿಗಳಿಲ್ಲದೆ ಅಜ್ಜಿಯ ಹತ್ತಿರ ಹೋದಳು. ನಾನು ಒಗೆದ ಬಟ್ಟೆಯ ಬುಟ್ಟಿ ಹಿಡಿದು ಬಾಗಿಲ ಹತ್ತಿರ ಬಂದವಳು ಅಲ್ಲೇ ನಿಂತೆ.

"ಅಜ್ಜಿ, ನೀನು ಯಾರನ್ನ ಗುರುತು ಹಿಡೀಬೇಕು?"

ಉತ್ತರ ಬಾರದ ಕಡೆ ತಾನೇ ತುಂಬಿಬಿಡುವ ನನ್ನ ಮಗಳು ಅವತ್ತು ಬಾಯಿ ಬಿಡದೆ ಕಾದಳು. ಕೊನೆಗೆ ಅಮ್ಮ ಗೋಡೆಯನ್ನು ನೋಡುತ್ತಲೇ ಮಾತಾಡಿದಳು.

"ನಿಮ್ಮಮ್ಮ ಹುಟ್ಟೋಕೆ ಮುಂಚೆ ಒಂದು ಹೆಣ್ಣುಮಗು ಆಯ್ತು ಪುಟ್ಟಿ. ಸತ್ತೇ ಹುಟ್ತು. ನರ್ಸು ಬಟ್ಟೇಲಿ ಸುತ್ಕೊಂಡು ಹೊರಟೇ ಹೋದ್ಲು. ನಾನು ನೋಡಿದ್ದು ನರ್ಸಿನ ಬೆನ್ನು ಅಷ್ಟೇ. ಮುಖ ತೋರ್ಸಿ ಅಂದೆ. ನೋಡದೇ ಇದ್ರೆ ಬೇಗ ಮರೀತೀಯ, ಮನೆಗೆ ಹೋಗಿ ಇನ್ನೊಂದು ಮಾಡ್ಕೋ ಅಂದ್ರು. ಆಗೆಲ್ಲ ಹಂಗೇ. ಆ ವಾರ ಸತ್ತಿದ್ದ ಯಾವುದೋ ಮುದುಕಿ ಪೆಟ್ಟಿಗೇಲಿ ಕಾಲ ಹತ್ರ ಇಟ್ಟು ಮಣ್ಣು ಮಾಡಿದ್ರಂತೆ. ಯಾವ ಮುದುಕಿ, ಎಲ್ಲಿ ಅಂತ ಕೇಳೋ ಧೈರ್ಯ ನಿಮ್ಮ ತಾತನಿಗೂ ಬರ್ಲಿಲ್ಲ, ನನಗೂ ಬರ್ಲಿಲ್ಲ."

"ಹೆಸರು ಇಟ್ಟಿದ್ಯಾ ಅಜ್ಜಿ?"

"ಹೊಟ್ಟೇಲಿದ್ದಾಗ್ಲೇ ಇಟ್ಟಿದ್ದೆ. ಹುಡುಗಿ ಅಂತ ನಂಗೊತ್ತಿತ್ತು. ಒದ್ರೆ, ಸುಮ್ನಿರೇ ನೆಸ್ಟಾ ಅಂತಿದ್ದೆ. ಪಾತ್ರೆ ತೊಳೀತಾ ಅವಳ ಜೊತೇನೇ ಮಾತಾಡ್ತಿದ್ದೆ. ನಮ್ಮತ್ತೆ ಹೆಸರದು, ಮೊದಲ ಹೆಣ್ಣಿಗೆ ಇಡಲೇಬೇಕು ಅಂತ. ಆಮೇಲೆ ನಿಮ್ಮಮ್ಮ ಹುಟ್ಟಿದ್ಲು. ಮೊದಲನೇದು ಲೆಕ್ಕಕ್ಕಿಲ್ಲ, ಹೆಸರು ಹಂಗೇ ಉಳ್ದಿದೆ, ಇದಕ್ಕಿಡು ಅಂದ್ರು ಅತ್ತೆ. ಇಟ್ಟೆ. ಬೇಡ ಅನ್ನೋಕೆ ಬಾಯಿ ಬರ್ಲಿಲ್ಲ."

ನಾನು ಬುಟ್ಟಿಯನ್ನು ಸೊಂಟಕ್ಕೆ ಒತ್ತಿ ಹಿಡಿದೆ.

"ಈಗ ಅಲ್ಲಿ ಹೋಗಿ ಏನಂತ ಕರೀಲಿ?" ಎಂದಳು ಅಮ್ಮ. "ನಾನು ಅವಳ ಮುಖ ನೋಡಿಲ್ಲ. ಅವಳು ನನ್ನ ಮುಖ ನೋಡಿಲ್ಲ. ನನ್ನ ದನಿ ಕೇಳಿದಾಳೆ, ಆ ಹೆಸರು ಕೇಳಿದಾಳೆ, ಅಷ್ಟೇ ಅವಳಿಗೆ ಗೊತ್ತಿರೋದು. ಅದನ್ನೂ ಬೇರೆಯವಳಿಗೆ ಕೊಟ್ಬಿಟ್ಟೆ. ನೆಸ್ಟಾ ಅಂತ ಕರೆದ್ರೆ ತಿರುಗಿ ನೋಡ್ತಾಳಾ? ನನ್ನನ್ನಲ್ಲ, ಆ ಇನ್ನೊಬ್ಬಳನ್ನ ಕರೀತಿರೋದು ಅಂದ್ಕೊಂಡು ಸುಮ್ನೆ ಹೋಗ್ಬಿಡ್ತಾಳಾ?"

ಆನ್ವೆನ್ ಅಜ್ಜಿಯ ಕೈ ಹಿಡಿದುಕೊಂಡಳು.

"ನಂಗೊತ್ತಿಲ್ಲ ಅಜ್ಜಿ."

"ಅಷ್ಟೆಲ್ಲ ಓದಿ?"

"ಅಷ್ಟೆಲ್ಲ ಓದಿನೂ ಗೊತ್ತಿಲ್ಲ."

ಅಡುಗೆಮನೆಗೆ ಬಂದ ಮಗಳನ್ನು ನಾನು ಬಿಡಲಿಲ್ಲ. ಬಾಗಿಲು ಹಾಕಿ ಪಿಸುದನಿಯಲ್ಲೇ ರೇಗಿದೆ. "ಗೊತ್ತಿಲ್ಲ ಅಂತ ಯಾಕಂದೆ? ಖಂಡಿತ ತಿರುಗಿ ನೋಡ್ತಾಳೆ ಅಜ್ಜಿ ಅನ್ನೋಕೆ ನಿನ್ನ ಗಂಟೇನು ಹೋಗ್ತಿತ್ತು?"

"ನಾನು ನಂಬದೇ ಇರೋದನ್ನ ಹೇಳಿದ್ರೆ ಅವಳಿಗೆ ತಕ್ಷಣ ಗೊತ್ತಾಗುತ್ತಮ್ಮ. ಈಗ ಅವಳ ಹತ್ರ ಎಲ್ರೂ ಸುಳ್ಳು ಹೇಳ್ತಿದಾರೆ. ಡಾಕ್ಟ್ರು, ನೀನು, ಎಲ್ರೂ. ನಾನೂ ಶುರು ಮಾಡಿದ್ರೆ ಅವಳು ಇನ್ಯಾರನ್ನ ಕೇಳ್ಬೇಕು?"

"ದೊಡ್ಡ ಜರ್ಮನ್ ಮಹಾಶಯೆ ಬಂದ್ಲು!"

"ಅಮ್ಮಾ, ಈ ಸಲ ಪ್ರಶ್ನೆ ಪೂರ್ತಿ ಕೇಳಿಸ್ಕೊಂಡಿದೀನಿ." ಅವಳು ಅಳುತ್ತಿದ್ದಳು. "ಅಜ್ಜಿ ಕೇಳಿದ್ದು ಸ್ವರ್ಗ ಇದ್ಯಾ ಇಲ್ವಾ ಅಂತ ಅಲ್ಲ. ಹೆಸರಿನ ವಿಷಯ ಕೇಳಿದ್ದು. ಅದು ನನ್ನ ಹತ್ರ ಇಲ್ಲ. ನಿನ್ನ ಹತ್ರ ಇದೆ."

ನಾನು ಮೇಜಿನ ಮೇಲೆ ಕೈ ಕುಟ್ಟಿ ಹೊರಗೆ ಹೋದೆ. ಮಳೆ ಜಿನುಗುತ್ತಿತ್ತು. ಕಸದ ಡಬ್ಬಿಗಳ ಹತ್ತಿರ ನಿಂತು ಅತ್ತೆ. ಯಾರಿಗಾಗಿ ಎಂದು ಕೇಳಿದರೆ ನಾಚಿಕೆ ಬಿಟ್ಟು ಹೇಳುತ್ತೇನೆ, ನನಗಾಗಿಯೇ. ಸತ್ತೇ ಹುಟ್ಟಿದ ಕೂಸಿನ ಮೇಲೆ ಹೊಟ್ಟೆಕಿಚ್ಚು ಪಡುವಷ್ಟು ಸಣ್ಣವಳಾದೆ ಅವತ್ತು. ಐವತ್ತು ದಾಟಿದ ಹೆಂಗಸು, ಇನ್ನೊಬ್ಬಳ ಅಂಗಿ ತೊಟ್ಟುಕೊಂಡೇ ಬೆಳೆದೆ ಎಂದು ಈಗ ತಿಳಿಯಿತು. ಬೇರೆಯವಳಿಗೆ ಕೊಟ್ಟೆ ಅಂದಳಲ್ಲ ಅಮ್ಮ. ನಾನು ಬೇರೆಯವಳಾದೆನೇ?

ಚಿಕ್ಕವಳಿದ್ದಾಗ ಅಮ್ಮ ಬಾಗಿಲಲ್ಲಿ ನಿಂತು ಬೀದಿಯ ಕಡೆಗೆ ನನ್ನ ಹೆಸರು ಕೂಗುತ್ತಿದ್ದಳು. ಇಳಿಜಾರಿನ ಕೊನೆಯವರೆಗೂ ಕೇಳುತ್ತಿತ್ತು. ನಾನು ಓಡಿ ಬಂದು ಎದುರಿಗೆ ನಿಂತರೆ, ಒಂದು ಕ್ಷಣ ನನ್ನನ್ನು ದಾಟಿ ಹಿಂದೆ ನೋಡುತ್ತಿದ್ದಳು. ಆಮೇಲೆ, "ಬಂದ್ಯಾ, ನಡಿ ಒಳಗೆ" ಎನ್ನುತ್ತಿದ್ದಳು. ನನ್ನ ಮಂಡಿ ಕೊಳೆಯಾಗಿದೆ, ಅದಕ್ಕೇ ಹಾಗೆ ನೋಡುತ್ತಾಳೆ ಎಂದುಕೊಂಡು ನಾನು ಮಂಡಿ ಒರೆಸಿಕೊಳ್ಳುತ್ತಿದ್ದೆ. ಅವಳ ತಪ್ಪಲ್ಲ. ಕರೆದಾಗಲೆಲ್ಲ ಇಬ್ಬರು ಬರಬೇಕಿತ್ತು, ಒಬ್ಬಳೇ ಬರುತ್ತಿದ್ದೆ.

ಎರಡು ದಿನ ಅಮ್ಮನ ಜೊತೆ ಬೇಕಾದಷ್ಟೇ ಮಾತಾಡಿದೆ. ಹಾಸಿಗೆ ಸರಿಮಾಡಿದೆ, ಬಾಯಿ ಒರೆಸಿದೆ. ಕ್ಲಿನಿಕ್ಕಿನಲ್ಲಿ ಎದೆಯ ಮೇಲಿದ್ದ ಹೆಸರಿನ ಬಿಲ್ಲೆಯನ್ನು ನೋಡಿ ಯಾರೋ, "ಥ್ಯಾಂಕ್ಸ್ ನೆಸ್ಟಾ" ಎಂದರೆ ಮೈ ಉರಿಯುತ್ತಿತ್ತು. ಮೂರನೆಯ ದಿನ ಅಮ್ಮನ ಕೂದಲು ಬಾಚುತ್ತಿದ್ದಾಗ ಅವಳ ತಲೆ ಎಷ್ಟು ಹಗುರಾಗಿದೆ ಎಂದು ಗಮನಕ್ಕೆ ಬಂತು. ಬಾಚಣಿಗೆಯ ಎಳೆತಕ್ಕೇ ತಲೆ ವಾಲುತ್ತಿತ್ತು. ನನ್ನ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು.

"ಅಮ್ಮಾ, ಆವತ್ತು ಎಲ್ಲ ಕೇಳಿಸ್ತು ನಂಗೆ."

"ಗೊತ್ತು. ಗೋಡೆ ಮೇಲೆ ಬುಟ್ಟಿ ನೆರಳು ಕಾಣಿಸ್ತಿತ್ತು."

"ಅವಳನ್ನ ನೆಸ್ಟಾ ಅಂತಲೇ ಕರಿ. ಹೆಸರು ಅವಳದೇ. ನಾನು ವಾಪಸ್ ಕೊಟ್ಟಿದೀನಿ ಅಂತ ಹೇಳು."

ಅಮ್ಮ ನನ್ನ ಕಡೆ ತಿರುಗಿದಳು. "ಮತ್ತೆ ನಿನ್ನನ್ನ?"

"ನನ್ನನ್ನ ಏನಾದ್ರೂ ಕರಿ. ಕತ್ತೆ ಅಂತ ಕರಿ."

"ಅದು ನಿಮ್ಮಪ್ಪನಿಗೆ ಇಟ್ಟಿದ್ದ ಹೆಸರು" ಎಂದಳು. ಇಬ್ಬರೂ ನಕ್ಕೆವು. ನಕ್ಕು ಅವಳಿಗೆ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ನನ್ನ ಮಣಿಕಟ್ಟು ಹಿಡಿದುಕೊಂಡಳು. ಅವಳಲ್ಲಿ ಅಷ್ಟು ಬಲ ಇನ್ನೂ ಉಳಿದಿದೆ ಎಂದು ನಾನು ಎಣಿಸಿರಲಿಲ್ಲ.

"ಆಮೇಲೆ ವಾಪಸ್ ಕೇಳಲ್ಲ ತಾನೇ? ನಾನು ಕರೆದಾಗ ನೀನು ಓ ಅಂದ್ರೆ ಅವಳು ಬರಲ್ಲ."

"ಕೇಳಲ್ಲಮ್ಮ. ಕೊಟ್ಟಿದ್ದು ಕೊಟ್ಟಂಗೇ."

ಆವತ್ತಿನಿಂದ ಅಮ್ಮ ನನ್ನನ್ನು "ಏ ಹುಡುಗಿ" ಎಂದು ಕರೆಯತೊಡಗಿದಳು. ಕೆಲವು ಸಲ "ಇವಳೇ". ಊಟ ಸ್ವಲ್ಪ ಸೇರಿತು. ಮೊಮ್ಮಗಳ ಚೀಟಿಗಳು ಮತ್ತೆ ಶುರುವಾದವು, ಬುದ್ಧಿವಂತರು ಮತ್ತೆ ಬೈಸಿಕೊಂಡರು. ಆದರೆ ಆನ್ವೆನ್ ಈಗ ಒಂದು ಚೀಟಿ ಓದಿದರೆ ಅಜ್ಜಿಯ ಮಾತು ಮುಗಿಯುವ ತನಕ ಇನ್ನೊಂದನ್ನು ಎತ್ತುತ್ತಿರಲಿಲ್ಲ. ಒಮ್ಮೊಮ್ಮೆ ನಾನು ಕೋಣೆಗೆ ಹೋದಾಗ ಅಮ್ಮ ಒಬ್ಬಳೇ ಕಿಟಕಿಯ ಕಡೆ ನೋಡುತ್ತಾ ಆ ಹೆಸರನ್ನು ಮೆಲ್ಲಗೆ ಹೇಳಿ ನೋಡುತ್ತಿದ್ದಳು. ನಾನು ಕೇಳಿಸದವಳಂತೆ ಪರದೆ ಸರಿಸುತ್ತಿದ್ದೆ. ಅವಳಿಗೆ ನೆಮ್ಮದಿ ಸಿಕ್ಕಿತಲ್ಲ ಎಂದು ಸಂತೋಷವಾಗುತ್ತಿತ್ತು. ಆದರೆ ಅವಳ ಬಾಯಿಂದ ನನ್ನ ಹೆಸರು ಇನ್ನು ಯಾವತ್ತೂ ಬರುವುದಿಲ್ಲ ಎಂಬುದು ದಿನ ಕಳೆದಂತೆ ನನಗೆ ಗೊತ್ತಾಗುತ್ತಾ ಬಂತು.

ಏಪ್ರಿಲ್‌ನಲ್ಲಿ ಮಾತು ನಿಂತಿತು. ಎರಡು ದಿನ ಬರೀ ಉಸಿರು. ನರ್ಸ್ ಬಂದು, ಇನ್ನು ಹೆಚ್ಚು ಹೊತ್ತಿಲ್ಲ, ಜೊತೆಯಲ್ಲೇ ಇರಿ ಎಂದು ಹೇಳಿ ಹೋದರು. ಮಧ್ಯಾಹ್ನದ ಬಿಸಿಲು ಹಾಸಿಗೆಯ ಮೇಲೆ ಬಿದ್ದಿತ್ತು. ಆನ್ವೆನ್ ಅಜ್ಜಿಯ ಪಾದ ಹಿಡಿದು ಕೂತಿದ್ದಳು. ನಾನು ತಲೆಯ ಹತ್ತಿರ ನಿಂತು ಒದ್ದೆ ಹತ್ತಿಯಿಂದ ತುಟಿ ತೇವ ಮಾಡುತ್ತಿದ್ದೆ.

ಅಮ್ಮ ಕಣ್ಣು ಬಿಟ್ಟಳು.

"ನೆಸ್ಟಾ" ಎಂದಳು.

ಏನಮ್ಮ ಎನ್ನಲು ನನ್ನ ಬಾಯಿ ತಾನಾಗಿ ತೆರೆಯಿತು. ಐವತ್ತು ವರ್ಷದ ಅಭ್ಯಾಸ. ಕೈಯಿಂದ ಬಾಯಿ ಮುಚ್ಚಿಕೊಂಡೆ. ಅವಳ ನೋಟ ನನ್ನ ಮೇಲೂ ಇರಲಿಲ್ಲ, ಕಿಟಕಿಯ ಮೇಲೂ ಇರಲಿಲ್ಲ. ಎಲ್ಲೋ ಮೇಲೆ ಇತ್ತು. ಆನ್ವೆನ್ ನನ್ನನ್ನು ನೋಡಿದಳು. ನಾನು ಬೇಡ ಎಂದು ತಲೆ ಆಡಿಸಿದೆ.

"ನೆಸ್ಟಾ." ಮತ್ತೆ ಕರೆದಳು. ಈ ಸಲ ಜೋರಾಗಿ, ಆ ದನಿ ಎಲ್ಲಿಂದ ಬಂತೋ, ಬಾಗಿಲಲ್ಲಿ ನಿಂತು ಬೀದಿಗೆ ಕೂಗುತ್ತಿದ್ದಂತೆ. ಇನ್ನೊಬ್ಬಳು ಓಗೊಡಲಿ, ಬೇಗ ಓಗೊಡಲಿ, ಎಂದು ಯಾರನ್ನು ಬೇಡಿಕೊಳ್ಳುವುದೋ ತಿಳಿಯದೆ ಬೇಡಿಕೊಂಡೆ.

ಆಮೇಲೆ ಅವಳ ಕೈ ಹೊದಿಕೆಯ ಮೇಲೆ ಏನನ್ನೋ ತಡಕಾಡಿತು. "ನೆಸ್ಟಾ?" ಎಂದಳು, ಮನೆಯಲ್ಲಿ ಯಾರಾದರೂ ಇದ್ದೀರಾ ಎಂದು ಹೊರಗಿನಿಂದ ಕೇಳುವವರ ಹಾಗೆ. ಉತ್ತರಕ್ಕೆ ಕಾದಳು. ಉಸಿರು ಒಂದು ಸಲ ಒಳಗೆ ಹೋದದ್ದು ಹೊರಗೆ ಬಂತು, ಮತ್ತೆ ಒಳಗೆ ಹೋಗಲಿಲ್ಲ.

ಆನ್ವೆನ್ ಎದ್ದು ಬಂದು ನನ್ನನ್ನು ತಬ್ಬಿಕೊಂಡಳು. "ಅಮ್ಮಾ, ಅಜ್ಜಿ ಕರೆದಿದ್ದು ಅವಳನ್ನೇ ಅಲ್ವಾ?"

"ಅವಳನ್ನೇ" ಎಂದೆ.

ಚಾಪೆಲ್ಲಿನ ಹಳೆಯ ಗೆಳತಿಯರಿಗೂ ಹಾಗೇ ಹೇಳಿದೆ. ಗಿಟಾರಿನ ಪಾದ್ರಿಗೂ ಹಾಗೇ ಹೇಳಿದೆ. ಹೆಚ್ಚಿನ ದಿನ ನಾನೂ ಅದನ್ನೇ ನಂಬುತ್ತೇನೆ. ಆದರೆ ಆ ಕೈ ತಡಕಾಡಿದ್ದು ಹೊದಿಕೆಯ ಮೇಲೆ, ನಾನು ನಿಂತಿದ್ದ ಕಡೆಗೇ. ಅವಳು ಕರೆದದ್ದು ನನ್ನನ್ನೇ ಆಗಿದ್ದರೆ, ಮಗಳು ಹತ್ತಿರ ಇಲ್ಲ ಎಂದುಕೊಂಡೇ ನಮ್ಮಮ್ಮ ಹೋದಳು. ನಾನು ಅವಳ ಪಕ್ಕದಲ್ಲೇ ಇದ್ದೆ.